ನೀಲಿ ಬಂತು, ಆದರೆ ಸರಿ ಬಂತಾ? ಥ್ಯಾಲೋಸಯನೀನ್ ಕೆಟ್ಟಾಗ ಎಲ್ಲಿ ಹುಡುಕಬೇಕು

ಹೋದ ಮಳೆಗಾಲದಲ್ಲಿ ನಮ್ಮ ಲ್ಯಾಬಿನಲ್ಲಿ ತಾಮ್ರದ ಥ್ಯಾಲೋಸಯನೀನ್, ಅಂದರೆ ನಡುವೆ ತಾಮ್ರ ಕೂತ ಉಂಗುರದಂಥ ಅಣುವಿನ ಕಡುನೀಲಿ ಬಣ್ಣದ ಪುಡಿ, ಸಾಲಾಗಿ ಮೂರು ಸಲ ಕೆಟ್ಟಿತು. ಮೇ ತಿಂಗಳಲ್ಲಿ ಲಕ್ಷಣವಾಗಿ ಬಂದಿದ್ದ ಪಾಕ ಅದು. ಅದೇ ಬಾಟಲಿಗಳು, ಅದೇ ಫ್ಲಾಸ್ಕ್, ಅದೇ ಹುಡುಗಿಯ ಕೈ. ಜುಲೈನಲ್ಲಿ ಮಾಡಿದರೆ ಬೂದಿ ಬೆರೆಸಿದಂಥ ಮಂಕು ನೀಲಿ ಪುಡಿ, ಇಳುವರಿ ಅರ್ಧಕ್ಕಿಂತ ಕಡಿಮೆ, ಐಆರ್‌ನಲ್ಲಿ (ಇನ್‌ಫ್ರಾರೆಡ್ ಬೆಳಕಿನ ಪರೀಕ್ಷೆಯಲ್ಲಿ) ಇರಬಾರದ ಕಡೆ ಪೀಕುಗಳು. "ಮಳೆ ಸರ್, ಎಲ್ಲದಕ್ಕೂ ತೇವ ಹೊಡೆದಿದೆ" ಅಂದಳು ಅವಳು. ನಾನೂ ಹೂಂ ಅಂದೆ. ಕಾರವಾರದಲ್ಲಿ ಜುಲೈ ಅಂದರೆ ಅಡುಗೆಮನೆಯ ಉಪ್ಪು ಡಬ್ಬಿಯಲ್ಲೇ ನೀರಾಗುತ್ತದೆ, ಚಪ್ಪಲಿಗೆ ಬೂಸ್ಟು ಬರುತ್ತದೆ. ಲ್ಯಾಬಿನ ಡೆಸಿಕೇಟರಿನಲ್ಲಿ ಬೆಳಿಗ್ಗೆ ಇಟ್ಟ ನೀಲಿ ಸಿಲಿಕಾ ಜೆಲ್ ಸಂಜೆಗೆ ಗುಲಾಬಿ. ಹಾಗಾಗಿ ಎರಡು ವಾರ ಸುಮ್ನೆ ಮಳೆಯನ್ನೇ ಬೈದೆವು. ಮಳೆಯದ್ದು ತಪ್ಪಿತ್ತು, ಆದರೆ ನಾವು ಅಂದುಕೊಂಡ ರೀತಿಯಲ್ಲಿ ಅಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಎಂ.ಎಸ್‌ಸಿ ಪ್ರಾಜೆಕ್ಟಿಗೋ ಪಿಎಚ್‌ಡಿಗೋ ಥ್ಯಾಲೋಸಯನೀನ್ ಮಾಡಲು ಹೊರಟು, "ನೀಲಿ ಬಂತು, ಮುಗಿಯಿತು" ಅಂತ ಸ್ಯಾಂಪಲ್‌ಗಳನ್ನು ದುಡ್ಡು ಕೊಟ್ಟು ಹೊರಗೆ ಅಳೆಸಲು ಕಳಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ಸಂಯುಕ್ತದ ದೊಡ್ಡ ಮೋಸ ಅಂದರೆ ಅದರ ಬಣ್ಣ. ಫ್ಲಾಸ್ಕಿನಲ್ಲಿ ಹತ್ತರಲ್ಲಿ ಒಂದು ಪಾಲು ಥ್ಯಾಲೋಸಯನೀನ್ ಆಗಿದ್ದರೂ ಸಾಕು, ಉಳಿದ ಒಂಬತ್ತು ಪಾಲು ಕಸವೂ ಕಡುನೀಲಿಯಾಗಿಯೇ ಕಾಣುತ್ತದೆ.

ಪಾಕದ ಲೆಕ್ಕ

ನಾವು ಬಳಸುವುದು ಯೂರಿಯಾ ದಾರಿ. ಥ್ಯಾಲಿಕ್ ಅನ್‌ಹೈಡ್ರೈಡ್ 14.8 ಗ್ರಾಂ, ಅಂದರೆ 0.1 ಮೋಲ್. ಯೂರಿಯಾ 24 ಗ್ರಾಂ. ತಾಮ್ರದ ಉಪ್ಪು 0.025 ಮೋಲ್. ಒಂದು ಚಿಟಿಕೆ ಅಮೋನಿಯಂ ಮಾಲಿಬ್ಡೇಟ್. ಎಲ್ಲವನ್ನೂ ನೈಟ್ರೋಬೆಂಜೀನಿನಲ್ಲಿ 180ರಿಂದ 190 ಡಿಗ್ರಿಯಲ್ಲಿ ನಾಲ್ಕೈದು ತಾಸು ಕಾಯಿಸಬೇಕು. ನಾಲ್ಕು ಥ್ಯಾಲಿಕ್ ತುಂಡುಗಳು ಒಂದು ತಾಮ್ರದ ಸುತ್ತ ಕೈ ಹಿಡಿದು ಉಂಗುರವಾಗುತ್ತವೆ. ಪೂರ್ತಿ ಆದರೆ 14.4 ಗ್ರಾಂ ಬರಬೇಕು.

ಇಲ್ಲಿ ಮೊದಲ ಎಡವಟ್ಟು ತಕ್ಕಡಿಯಲ್ಲೇ ಆಗುತ್ತದೆ. ಪಾಕದಲ್ಲಿ ನೀರಿಲ್ಲದ ಕ್ಯುಪ್ರಿಕ್ ಕ್ಲೋರೈಡ್ ಅಂತ ಬರೆದಿರುತ್ತದೆ: 3.36 ಗ್ರಾಂ. ಬೀರುವಿನಲ್ಲಿ ಇರುವುದು ಎರಡು ಅಣು ನೀರಿನ ಹರಳು: ಅದಾದರೆ 4.26 ಗ್ರಾಂ ಬೇಕು. ಬಣ್ಣ ನೋಡಿದರೆ ಗೊತ್ತಾಗುತ್ತದೆ. ನೀರಿಲ್ಲದ್ದು ಕಂದುಹಳದಿ, ಹರಳು ನೀಲಿಹಸಿರು. ಹರಳನ್ನೇ 3.36 ತೂಗಿದರೆ ತಾಮ್ರ ಐದರಲ್ಲಿ ಒಂದು ಪಾಲು ಕಡಿಮೆಯಾಯಿತು. ಇಳುವರಿ ಅಷ್ಟೇ ಕಮ್ಮಿ ಬಂದರೆ ಮೊದಲು ಬಾಟಲಿಯ ಲೇಬಲ್ ಓದಿ.

ಬಾಟಲಿಗಳ ವಿಚಾರಣೆ

ಥ್ಯಾಲಿಕ್ ಅನ್‌ಹೈಡ್ರೈಡ್ ತೇವ ಕುಡಿದರೆ ಥ್ಯಾಲಿಕ್ ಆಮ್ಲವಾಗುತ್ತದೆ. ಪರೀಕ್ಷೆ ಸುಲಭ, ಕರಗುವ ಬಿಂದು ನೋಡಿ. ಅನ್‌ಹೈಡ್ರೈಡ್ 131 ಡಿಗ್ರಿಗೆ ಥಟ್ಟನೆ ಕರಗುತ್ತದೆ. ಆಮ್ಲ ಬೆರೆತಿದ್ದರೆ ಅಲ್ಲಿ ಅರ್ಧ ಕರಗಿ, ಉಳಿದದ್ದು ಹಠ ಹಿಡಿದು ಕೂರುತ್ತದೆ.

ನಮ್ಮ ಬಾಟಲಿಯದ್ದು 130ಕ್ಕೆ ಶುರುವಾಗಿ 131ಕ್ಕೆ ಮುಗಿಯಿತು. ಅಂದರೆ ತೇವ ಅದಕ್ಕೆ ಮುಟ್ಟೇ ಇರಲಿಲ್ಲ. ಮಳೆಯ ಮೇಲಿನ ಕೇಸು ಅಲ್ಲೇ ಬಿದ್ದುಹೋಗಬೇಕಿತ್ತು. ಆದರೂ ನಾವು ಯೂರಿಯಾ ಒಣಗಿಸಿದೆವು, ನೈಟ್ರೋಬೆಂಜೀನನ್ನು ಕ್ಯಾಲ್ಸಿಯಂ ಕ್ಲೋರೈಡಿನ ಮೇಲೆ ರಾತ್ರಿಯಿಡೀ ಇಟ್ಟೆವು. ಮೂರನೆಯ ಬ್ಯಾಚೂ ಹಾಗೇ ಬಂತು.

ಇನ್ನೊಂದು ಮಾತು. ಯೂರಿಯಾ ದಾರಿಯಲ್ಲಿ ಥ್ಯಾಲಿಕ್ ಆಮ್ಲ ಬಂದರೂ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆಮ್ಲವೂ ಯೂರಿಯಾ ಜೊತೆ ಸೇರಿ ಥ್ಯಾಲಿಮೈಡ್ ಆಗಿ ಅದೇ ದಾರಿಗೆ ಬರುತ್ತದೆ. ತೂಕದ ಲೆಕ್ಕ ಮಾತ್ರ ತಪ್ಪುತ್ತದೆ: ಪೂರ್ತಿ ಆಮ್ಲವಾದ ಪುಡಿಯನ್ನು 10 ಗ್ರಾಂ ತೂಗಿದರೆ ಅದರಲ್ಲಿ 8.9 ಗ್ರಾಂ ಅನ್‌ಹೈಡ್ರೈಡಿನ ಸತ್ವ ಇರುತ್ತದೆ. ತೇವ ನಿಜವಾಗಿ ಕಾಡುವುದು ನೈಟ್ರೈಲ್ ಹಾಕಿ ಲಿಥಿಯಂ ಆಲ್ಕಾಕ್ಸೈಡಿನಲ್ಲಿ ಮಾಡುವ ದಾರಿಯಲ್ಲಿ. ಅಲ್ಲಿ ಒಂದು ಹನಿ ನೀರೂ ಬೇಡ. ಆ ಎಚ್ಚರಿಕೆಯನ್ನು ಓದಿಕೊಂಡು ನಾವು ಇಲ್ಲಿ ತಂದು ಹಚ್ಚಿದ್ದೆವು.

ಕಂಡೆನ್ಸರಿನ ಬಾಯಿ

ಕ್ರಿಯೆ ನಡೆಯುತ್ತಿದೆಯಾ ಅಂತ ತಿಳಿಯಲು ಯಾವ ಯಂತ್ರವೂ ಬೇಡ. ಯೂರಿಯಾ ಒಡೆದಾಗ ಅಮೋನಿಯಾ ಬರುತ್ತದೆ. ಒಂದು ಚೂರು ಫಿಲ್ಟರ್ ಪೇಪರಿಗೆ ಅರಿಶಿನದ ನೀರು ಹಚ್ಚಿ, ಒದ್ದೆಯಿರುವಾಗಲೇ ಕಂಡೆನ್ಸರಿನ ಬಾಯಿಗೆ ಹಿಡಿಯಿರಿ. ಕೆಂಪುಕಂದಾದರೆ ಅಮೋನಿಯಾ ಬರುತ್ತಿದೆ. ನಾವು ಅರ್ಧ ತಾಸಿಗೊಮ್ಮೆ ಒಂದು ಕಾಗದ ಹಿಡಿದು, ಮೇಲೆ ಸಮಯ ಬರೆದು ನೋಟ್‌ಬುಕ್ಕಿಗೆ ಅಂಟಿಸುತ್ತೇವೆ. ಲಿಟ್ಮಸ್ಸೂ ಆಗುತ್ತದೆ, ಆದರೆ ನಮ್ಮಲ್ಲಿ ಲಿಟ್ಮಸ್ ಮುಗಿದಾಗ ಅರಿಶಿನ ಮುಗಿದಿರುವುದಿಲ್ಲ.

ಮೇ ತಿಂಗಳ ಕಾಗದಗಳಲ್ಲಿ ಮೊದಲ ತಾಸಿನಲ್ಲಿ ಗಾಢ ಕೆಂಪು, ಮೂರು ತಾಸಿನವರೆಗೂ ಚೆನ್ನಾಗಿ ಬಣ್ಣ, ಆಮೇಲೆ ಇಳಿಕೆ. ಜುಲೈನವುಗಳಲ್ಲಿ ಮೊದಲ ತಾಸು ಜೋರು, ಎರಡನೆಯ ತಾಸಿಗೆ ತಣ್ಣಗೆ. ಕಾಗದಗಳನ್ನು ಅಕ್ಕಪಕ್ಕ ಇಟ್ಟಾಗ ನನಗೆ ಮೊದಲ ಸಲ ಅನುಮಾನ ಬಂತು: ಯೂರಿಯಾ ಏನೋ ಖರ್ಚಾಗುತ್ತಿದೆ, ಆದರೆ ಉಂಗುರ ಕಟ್ಟಲು ಅಲ್ಲ.

ಇದೇ ಜಾಗದಲ್ಲಿ ಒಂದು ಅಪಾಯವೂ ಇದೆ. ಥ್ಯಾಲಿಕ್ ಅನ್‌ಹೈಡ್ರೈಡ್, ಥ್ಯಾಲಿಮೈಡ್ ಎರಡೂ ಆವಿಯಾಗಿ ಮೇಲೇರಿ ತಣ್ಣಗಿನ ಗಾಜಿನಲ್ಲಿ ಸೂಜಿಹರಳುಗಳಾಗಿ ಕೂರುತ್ತವೆ. ಅಮೋನಿಯಾ, ಕಾರ್ಬನ್ ಡೈಆಕ್ಸೈಡ್ ಸೇರಿ ಬಿಳಿ ಉಪ್ಪು ಕಟ್ಟುತ್ತದೆ. ಎಲ್ಲ ಸೇರಿ ಕಂಡೆನ್ಸರ್ ಮುಚ್ಚಿಹೋದರೆ ಕೆಳಗೆ ಒತ್ತಡ ಏರುತ್ತದೆ. ಬಿಳಿ ಕಟ್ಟುವುದು ಕಂಡ ಕೂಡಲೇ ಕಾವು ಇಳಿಸಿ. ಫ್ಲಾಸ್ಕ್ ತಣಿದ ಮೇಲೆ ಉದ್ದ ಗಾಜಿನ ಕಡ್ಡಿಯಿಂದ ಬಿಡಿಸಿ. ಕೆಲಸವೆಲ್ಲ ಫ್ಯೂಮ್ ಹುಡ್ಡಿನೊಳಗೇ ಆಗಲಿ. ನೈಟ್ರೋಬೆಂಜೀನ್ ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಬಾದಾಮಿಯ ವಾಸನೆ ಚೆನ್ನಾಗಿದೆ ಅಂತ ಸಲುಗೆ ಬೇಡ.

ಅಟೆಂಡರ್ ಕಂಡದ್ದು

ಜುಲೈನ ಮೂರನೆಯ ಬ್ಯಾಚಿನಲ್ಲಿ ಕಂಡೆನ್ಸರ್ ಎರಡು ಸಲ ಕಟ್ಟಿತು. ಅದನ್ನು ಬಿಚ್ಚಿ ತೊಳೆಯುತ್ತಿದ್ದ ನಮ್ಮ ಅಟೆಂಡರ್, "ಬೇಸಿಗೆಯಲ್ಲಿ ಈ ಪೈಪು ಇರಲಿಲ್ಲವಲ್ಲ ಸರ್" ಅಂದರು. ಯಾವ ಪೈಪು? ನೀರಿನ ಪೈಪು.

ನೆನಪಾಯಿತು. ಮೇ ತಿಂಗಳಲ್ಲಿ ಲ್ಯಾಬಿನ ನಲ್ಲಿಗೆ ದಿನಕ್ಕೆ ಒಂದು ತಾಸು ನೀರು ಬಂದರೆ ಪುಣ್ಯ. ನಾಲ್ಕು ತಾಸು ಕಂಡೆನ್ಸರಿಗೆ ಹರಿಸಲು ಎಲ್ಲಿಂದ ತರುವುದು? ಹಾಗಾಗಿ ನೀರೇ ಬೇಡದ ಉದ್ದನೆಯ ಏರ್ ಕಂಡೆನ್ಸರ್ ಇಟ್ಟಿದ್ದೆವು. ಮಳೆ ಹಿಡಿದ ಮೇಲೆ ನೀರಿಗೇನು ಬರ? ಶಿಸ್ತಾಗಿ ಮಾಡೋಣ ಅಂತ ನೀರಿನ ಕಂಡೆನ್ಸರ್ ಹಾಕಿದೆವು. ಅಲ್ಲೇ ಎಡವಟ್ಟಾದದ್ದು.

ಕ್ರಿಯೆಯಲ್ಲಿ ನೀರು ಹುಟ್ಟುತ್ತದೆ. ತಾಮ್ರದ ಹರಳಿನಿಂದಲೂ ಸುಮಾರು ಒಂದು ಮಿಲೀ ಬರುತ್ತದೆ. ಏರ್ ಕಂಡೆನ್ಸರಿನಲ್ಲಿ ಆ ಆವಿ ಹೊರಗೆ ಹೋಗುತ್ತಿತ್ತು. 211 ಡಿಗ್ರಿಗೆ ಕುದಿಯುವ ನೈಟ್ರೋಬೆಂಜೀನ್ ಮಾತ್ರ ವಾಪಸ್ ಇಳಿಯುತ್ತಿತ್ತು. ನೀರಿನ ಕಂಡೆನ್ಸರ್ ಎಲ್ಲವನ್ನೂ ತಣಿಸಿ ಕೆಳಗೆ ಕಳಿಸುತ್ತಿತ್ತು. ಬಿಸಿ ಪಾತ್ರೆಗೆ ಮೇಲಿಂದ ನೀರು ತೊಟ್ಟಿಕ್ಕುತ್ತಾ ಇದ್ದರೆ ಅದು ಎಲ್ಲಿ ಕಾವೇರುತ್ತದೆ?

"ಥರ್ಮಾಮೀಟರ್ 190 ತೋರಿಸುತ್ತಿತ್ತಲ್ಲ ಸರ್?" ಅಂದಳು ಹುಡುಗಿ. ತೋರಿಸುತ್ತಿತ್ತು. ಅದು ಇದ್ದದ್ದು ಎಣ್ಣೆಯ ಬಾತ್‌ನಲ್ಲಿ. ನಾಲ್ಕನೆಯ ಬ್ಯಾಚಿನಲ್ಲಿ ಇನ್ನೊಂದು ಥರ್ಮಾಮೀಟರನ್ನು ಫ್ಲಾಸ್ಕಿನ ಪಕ್ಕದ ಬಾಯಿಯಿಂದ ದ್ರಾವಣಕ್ಕೇ ಮುಳುಗಿಸಿದೆವು. ಹೊರಗೆ 190, ಒಳಗೆ 158. ಎರಡು ತಾಸು ಕಾದರೂ 161 ದಾಟಲಿಲ್ಲ.

ಆ ಕಾವಿನಲ್ಲಿ ಥ್ಯಾಲಿಮೈಡ್ ಆಗುತ್ತದೆ, ಮುಂದಕ್ಕೆ ಹೆಜ್ಜೆ ಇಡುವುದು ಕಮ್ಮಿ. ಯೂರಿಯಾ ಮಾತ್ರ ಸುಮ್ಮನೆ ಕೂರುವುದಿಲ್ಲ. 133 ಡಿಗ್ರಿಗೆ ಕರಗಿ, ಅಲ್ಲಿಂದ ಮೇಲೆ ತನ್ನಷ್ಟಕ್ಕೆ ತಾನು ಸೇರಿಕೊಂಡು ಬೈಯುರೆಟ್, ಸಯನೂರಿಕ್ ಆಮ್ಲ ಆಗುತ್ತಾ ಹೋಗುತ್ತದೆ. ಉಂಗುರಕ್ಕೆ ಬೇಕಾದ ಸಾರಜನಕ ಹೀಗೆ ಪೋಲಾಯಿತು. ಅರಿಶಿನ ಕಾಗದ ಬೇಗ ತಣ್ಣಗಾದದ್ದು ಇದಕ್ಕೇ.

ಡೀನ್-ಸ್ಟಾರ್ಕ್ (ಇಳಿದ ನೀರನ್ನು ಬೇರೆ ಹಿಡಿದಿಡುವ ಗಾಜಿನ ಕೊಳವೆ) ಹಾಕಿ ನೀರು ತೆಗೆಯೋಣ ಅಂತ ಅವಳ ಸಲಹೆ. ಒಳ್ಳೆಯ ಯೋಚನೆಯೇ, ಆದರೆ ನೈಟ್ರೋಬೆಂಜೀನ್ ನೀರಿಗಿಂತ ಭಾರ. ಮಾಮೂಲಿ ಡೀನ್-ಸ್ಟಾರ್ಕಿನಲ್ಲಿ ನೀರು ಮೇಲೆ ತೇಲಿ, ಅದೇ ವಾಪಸ್ ಫ್ಲಾಸ್ಕಿಗೆ ಇಳಿಯುತ್ತದೆ. ನೀರಿನ ಪೈಪು ಕಿತ್ತು ಹಳೆಯ ಏರ್ ಕಂಡೆನ್ಸರ್ ಇಟ್ಟೆವು. ಮುಕ್ಕಾಲು ತಾಸಿನಲ್ಲಿ ಒಳಗಿನ ಕಾವು 184. ಹಸಿರು ಗಂಜಿ ನೀಲಿಯಾಗಿ, ಆಮೇಲೆ ಕಪ್ಪುನೀಲಿ ಕೆಸರಾಗಿ ದಪ್ಪಗಾಯಿತು. ತೊಳೆದು ಒಣಗಿಸಿದ ಮೇಲೆ 10.9 ಗ್ರಾಂ.

ಥರ್ಮಾಮೀಟರಿನ ಬುಡ ಎಲ್ಲಿದೆ ಅಂತ ಮೊದಲ ದಿನವೇ ನೋಡಿದ್ದರೆ ಮೂರು ಬ್ಯಾಚು ಉಳಿಯುತ್ತಿತ್ತು.

ತೊಳೆದ ನೀರನ್ನು ಚೆಲ್ಲಬೇಡಿ

ಮೊದಲು ಆಲ್ಕೋಹಾಲಿನಲ್ಲಿ ನೈಟ್ರೋಬೆಂಜೀನ್ ತೊಳೆಯಬೇಕು. ಆಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ ಸೋಸಬೇಕು, ನಂತರ ತೆಳು ಕಾಸ್ಟಿಕ್ ಸೋಡಾ, ಕೊನೆಗೆ ಬಿಸಿನೀರು. ಹೆಚ್ಚಿನವರು ಸೋಸಿದ ನೀರನ್ನು ಸೀದಾ ಸಿಂಕಿಗೆ ಸುರಿಯುತ್ತಾರೆ. ಮೂರು ಟೆಸ್ಟ್‌ಟ್ಯೂಬಿನಷ್ಟು ಎತ್ತಿಡಿ. ಬ್ಯಾಚಿನ ಜಾತಕ ಅದರಲ್ಲಿರುತ್ತದೆ.

ಆಮ್ಲದ ನೀರಿಗೆ ಅಮೋನಿಯಾ ಹಾಕಿ. ಗಾಢ ನೀಲಿಯಾದರೆ ಉಂಗುರಕ್ಕೆ ಸೇರದ ತಾಮ್ರ ಹೊರಬರುತ್ತಿದೆ. ನೀಲಿ ಬರುವುದು ನಿಲ್ಲುವ ತನಕ ತೊಳೆಯಿರಿ. ಸೋಡಾ ನೀರನ್ನು ಆಮ್ಲ ಹಾಕಿ ತಿರುಗಿಸಿದರೆ ಬಿಳಿ ಮೊಸರು ಕಟ್ಟಿತೇ? ಅದು ಥ್ಯಾಲಿಕ್ ಬಳಗದ್ದು ಇರಬಹುದು, ಸಯನೂರಿಕ್ ಆಮ್ಲವೂ ಇರಬಹುದು. ಬೇರೆ ಮಾಡಲು ಬಿ.ಎಸ್‌ಸಿಯ ಹಳೆಯ ಪರೀಕ್ಷೆ ಸಾಕು. ಬಿಳಿಯನ್ನು ಒಣಗಿಸಿ, ಸ್ವಲ್ಪ ರೆಸಾರ್ಸಿನಾಲ್, ಎರಡು ಹನಿ ಸಲ್ಫ್ಯೂರಿಕ್ ಆಮ್ಲ ಹಾಕಿ ಬಿಸಿ ಮಾಡಿ, ತಣಿದ ಮೇಲೆ ತೆಳು ಸೋಡಾಕ್ಕೆ ಸುರಿಯಿರಿ. ಹಸಿರು ಹೊಳಪು ಮಿಂಚಿದರೆ ಫ್ಲೋರೆಸೀನ್ ಆಗಿದೆ, ಅಂದರೆ ಬಿಳಿ ಥ್ಯಾಲಿಕ್‌ನದ್ದು. ಬಿಸಿನೀರು ತಣಿದಾಗ ಬೀಕರಿನ ತಳದಲ್ಲಿ ಬಿಳಿ ಹರಳು ಕೂತು, ಅದಕ್ಕೆ ಈ ಹೊಳಪು ಬರದಿದ್ದರೆ ಸಯನೂರಿಕ್ ಆಮ್ಲ. ನಮ್ಮ ಜುಲೈ ಬ್ಯಾಚಿನ ಬಿಸಿನೀರಿನಲ್ಲಿ ಹೀಗೆ ಸಕ್ಕರೆಯಷ್ಟು ಹರಳು ಕೂತಿತ್ತು. ನೋಡಿದ್ದೆವು, ಓದಲಿಲ್ಲ.

ಈಗ ಒಣ ಪುಡಿಯ ಸರದಿ. ಒಂದು ಕಾಳಿನಷ್ಟನ್ನು ಎರಡು ಮಿಲೀ ಗಟ್ಟಿ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ. ತಾಮ್ರದ ಥ್ಯಾಲೋಸಯನೀನ್ ನೀಲಿಯಾಗಿ ಕರಗುವುದಿಲ್ಲ. ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಕೂತ ಅಪ್ಪೆಮಿಡಿಯ ಬಣ್ಣ ಬರುತ್ತದೆ, ಮಂಕು ಹಳದಿಹಸಿರು. ಅದನ್ನು ಐಸ್ ನೀರಿಗೆ ನಿಧಾನ ಸುರಿದರೆ ನೀಲಿ ಹತ್ತಿಯಂತೆ ಬೇರೆಯಾಗುತ್ತದೆ. ಆಮ್ಲವನ್ನು ನೀರಿಗೆ ಹಾಕಿ, ನೀರನ್ನು ಆಮ್ಲಕ್ಕೆ ಅಲ್ಲ. ಆಮ್ಲದಲ್ಲಿ ಕರಗದೆ ಕರಿ ಚೂರು ಉಳಿದರೆ ಎಲ್ಲೋ ತಳ ಹಿಡಿದು ಸೀದಿದೆ. ಸುರಿದು ಸೋಸಿದ ಮೇಲೂ ನೀರು ನೀಲಿಯಾಗಿಯೇ ಉಳಿದರೆ ಸಲ್ಫೋನೇಷನ್ ಆಗಿರಬಹುದು (ಆಮ್ಲದ ಗುಂಪು ಉಂಗುರಕ್ಕೆ ಅಂಟಿ ಅದು ನೀರಿನಲ್ಲಿ ಕರಗುತ್ತದೆ), ಆಮ್ಲವನ್ನು ಬಿಸಿ ಮಾಡಿದ್ದೀರಾ ಅಂತ ಕೇಳಿಕೊಳ್ಳಿ.

ಬೂದಿಯ ಲೆಕ್ಕವೂ ಅಗ್ಗದ್ದು. ತೂಗಿದ ಪುಡಿಗೆ ಎರಡು ಹನಿ ಗಟ್ಟಿ ಸಲ್ಫ್ಯೂರಿಕ್ ಹಾಕಿ ಹುಡ್ಡಿನಲ್ಲಿ ಹೊಗೆ ಹಾರಿಸಿ, ಆಮೇಲೆ ಮಫಲ್ ಫರ್ನೇಸಿನಲ್ಲಿ 800 ಡಿಗ್ರಿಯಲ್ಲಿ ತೂಕ ಬದಲಾಗದ ತನಕ ಸುಡಿ. ಉಳಿಯುವ ಕಪ್ಪು ತಾಮ್ರದ ಆಕ್ಸೈಡ್ ಶೇ 13.8 ಇರಬೇಕು. ಜಾಸ್ತಿ ಬಂದರೆ ತೊಳೆಯದ ತಾಮ್ರ, ಕಮ್ಮಿ ಬಂದರೆ ಸಾವಯವ ಕಸ ಅಥವಾ ನೀರು. ನಮ್ಮ ಜುಲೈನದ್ದು 9 ಚಿಲ್ಲರೆ ಬಂದಿತ್ತು. ಅಷ್ಟು ಗೊತ್ತಾದ ಮೇಲೆ ಅದನ್ನು ಯಾವ ದೊಡ್ಡ ಯಂತ್ರಕ್ಕೂ ಕಳಿಸುವ ಅಗತ್ಯವಿರಲಿಲ್ಲ. ಕಳಿಸಿದ್ದೆವು, ಅದು ಬೇರೆ ಮಾತು.

ತುಕ್ಕು

ಕರಾವಳಿಯ ಲ್ಯಾಬುಗಳಿಗೆ ಇದೊಂದು ವಿಶೇಷ ಕಾಯಿಲೆ. ಉಪ್ಪುಗಾಳಿಗೆ ಸ್ಟ್ಯಾಂಡು, ಕ್ಲ್ಯಾಂಪು ಎಲ್ಲ ತುಕ್ಕು ಹಿಡಿದಿರುತ್ತವೆ. ಬಿಗಿ ಮಾಡುವಾಗ ಒಂದು ಚೂರು ಫ್ಲಾಸ್ಕಿಗೆ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಥ್ಯಾಲೋಸಯನೀನ್ ಉಂಗುರಕ್ಕೆ ಕಬ್ಬಿಣವೆಂದರೆ ಬಹಳ ಇಷ್ಟ. ಈ ಬಳಗ ಪ್ರಸಿದ್ಧಿಗೆ ಬಂದದ್ದೇ ಹಾಗೆ. 1907ರಲ್ಲಿ ಬ್ರೌನ್ ಮತ್ತು ಚೆರ್ನಿಯಾಕ್ ಇಂಥದ್ದೊಂದು ನೀಲಿಯನ್ನು ಕಂಡು ಬರೆದಿಟ್ಟು ಮುಂದೆ ಹೋಗಿದ್ದರು. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನಲ್ಲಿ ಥ್ಯಾಲಿಮೈಡ್ ಮಾಡುತ್ತಿದ್ದಾಗ ಪಾತ್ರೆಯ ಒಳಗಿನ ಗಾಜಿನ ಲೇಪ ಬಿರುಕು ಬಿಟ್ಟು, ಹೊರಗಿನ ಉಕ್ಕು ತಾಗಿ, ಕಬ್ಬಿಣದ ಥ್ಯಾಲೋಸಯನೀನ್ ಆಯಿತು. ರಸಾಯನಶಾಸ್ತ್ರಜ್ಞ ಲಿನ್‌ಸ್ಟೆಡ್ ಲಂಡನ್ನಿನಲ್ಲಿ ಅದರ ರಚನೆ ಬಿಡಿಸಿದ್ದು 1930ರ ದಶಕದಲ್ಲಿ. ಅವರಿಗೆ ದೋಷದಿಂದ ಹೊಸ ಬಣ್ಣ ಸಿಕ್ಕಿತು, ನಮಗೆ ಸಿಗುವುದು ಕಲಬೆರಕೆ ಸ್ಯಾಂಪಲ್.

ಲೋಹವಿಲ್ಲದ ಥ್ಯಾಲೋಸಯನೀನ್ ಮಾಡುವವರು ಬೂದಿ ಪರೀಕ್ಷೆ ತಪ್ಪಿಸಬೇಡಿ. ಸುಟ್ಟರೆ ಏನೂ ಉಳಿಯಬಾರದು. ಇಟ್ಟಿಗೆಬಣ್ಣದ ಬೂದಿ ಉಳಿದರೆ ಅದನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಥಯೋಸಯನೇಟ್ ಹಾಕಿ. ರಕ್ತಗೆಂಪಾದರೆ ನಿಮ್ಮ ಕ್ಲ್ಯಾಂಪಿಗೆ ಬಣ್ಣ ಬಳಿಸುವ ಕಾಲ ಬಂದಿದೆ.

ಐಆರ್ ಓದುವಾಗ

ಮಳೆಗಾಲದಲ್ಲಿ ಮೊದಲು ಬರೀ ಪೊಟ್ಯಾಸಿಯಂ ಬ್ರೋಮೈಡಿನ ಪೆಲೆಟ್ ಮಾಡಿ ಓಡಿಸಿ. ನಮ್ಮಲ್ಲಿ ಅದರಲ್ಲೇ 3400ರ (ಐಆರ್ ಅಂಕಿಗಳೆಲ್ಲ ಸೆಂ.ಮೀ⁻¹ನಲ್ಲಿ) ಹತ್ತಿರ ಅಗಲವಾದ ಗುಡ್ಡ, 1630ರ ಹತ್ತಿರ ಇನ್ನೊಂದು ಬಂದವು. ಎರಡೂ ನೀರಿನವು. ಇದನ್ನು ನೋಡದೆ ಸ್ಯಾಂಪಲ್ ಓಡಿಸಿದ ಹುಡುಗನೊಬ್ಬ 3400ರ ಗುಡ್ಡವನ್ನು ಸಾರಜನಕ-ಜಲಜನಕ ಬಂಧ ಅಂತ ಬರೆದು, ಲೋಹವಿಲ್ಲದ ಉಂಗುರ ಬೆರೆತಿದೆ ಅಂತ ತೀರ್ಮಾನಿಸಿಬಿಟ್ಟಿದ್ದ. ಲೋಹವಿಲ್ಲದ್ದರ ಗುರುತು 3290ರ ಹತ್ತಿರ ಚೂಪಾದ ಪೀಕು, ಜೊತೆಗೆ 1006ರ ಆಸುಪಾಸು ಇನ್ನೊಂದು. ಎರಡೂ ಇದ್ದರೆ ಮಾತ್ರ ಮಾತಾಡಿ. ಪೆಲೆಟ್ ಮಂಜು ಹಿಡಿಯುವುದು ನಿಲ್ಲದಿದ್ದರೆ ನ್ಯೂಜಾಲ್ ಎಣ್ಣೆಯಲ್ಲಿ ಅರೆದು ನೋಡಿ.

1770 ಮತ್ತು 1720ರ ಸುತ್ತ ಜೋಡಿ ಪೀಕು ಇದ್ದರೆ ಥ್ಯಾಲಿಮೈಡ್ ಉಳಿದಿದೆ. 1850ರ ಕಡೆಗೂ ಪೀಕಿದ್ದರೆ ಅನ್‌ಹೈಡ್ರೈಡ್. ಸಯನೂರಿಕ್ ಆಮ್ಲವೂ ಇದೇ ಬಯಲಿನಲ್ಲಿ ಅಗಲವಾಗಿ ಕೂರುವುದರಿಂದ ಐಆರ್ ಒಂದನ್ನೇ ನಂಬಿ ಹೆಸರಿಡಬೇಡಿ, ತೊಳೆದ ನೀರಿನ ಸಾಕ್ಷಿ ಬೇಕು. ನೈಟ್ರೈಲ್ ದಾರಿಯಲ್ಲಿ ಮಾಡಿದವರು 2230 ನೋಡಿ. ಅಲ್ಲಿ ಚಿಕ್ಕ ಮುಳ್ಳಿದ್ದರೂ ಕಚ್ಚಾವಸ್ತು ಉಳಿದಿದೆ.

ಕೆಲವು ಸಲ ದೋಷವೇ ಇರುವುದಿಲ್ಲ. ಸಲ್ಫ್ಯೂರಿಕ್‌ನಲ್ಲಿ ಕರಗಿಸಿ ನೀರಿಗೆ ಸುರಿದ ತಾಮ್ರದ ಥ್ಯಾಲೋಸಯನೀನ್ ಆಲ್ಫಾ ಎಂಬ ಹರಳುರೂಪದಲ್ಲಿರುತ್ತದೆ, 722ರ ಹತ್ತಿರ ಪೀಕು. ಟಾಲ್ವೀನಿನಂಥ ದ್ರಾವಕದಲ್ಲಿ ಕುದಿಸಿದರೆ ಬೀಟಾ, ಆಗ ಅದು 730ರ ಕಡೆ ಸರಿಯುತ್ತದೆ. ಎಕ್ಸ್‌ಆರ್‌ಡಿಯಲ್ಲಿ (ಹರಳಿನ ಜೋಡಣೆ ತೋರಿಸುವ ಎಕ್ಸ್-ರೇ ಪರೀಕ್ಷೆಯಲ್ಲಿ) ಬೀಟಾಕ್ಕೆ 9.2 ಡಿಗ್ರಿಯ ಹತ್ತಿರ ಒಳ್ಳೆ ಗೆರೆ ಬರುತ್ತದೆ. ನಿಮ್ಮದು ಆಲ್ಫಾ, ಹೋಲಿಸುತ್ತಿರುವ ಚಿತ್ರ ಬೀಟಾ ಆಗಿದ್ದರೆ ಹೊಂದುವುದಾದರೂ ಹೇಗೆ?

ಅಮೀನ್ ಇರುವ ಥ್ಯಾಲೋಸಯನೀನ್‌ಗಳಲ್ಲಿ ಈ ತೇವದ ಕಾಟ ಇನ್ನೂ ಜಾಸ್ತಿ. ಕರ್ನಾಟಕಕ್ಕೂ ಈ ಕೆಲಸಕ್ಕೂ ಹಳೆಯ ನಂಟು, ಬಿ.ಎನ್. ಆಚಾರ್, ಜೆ. ಕೇಶವಯ್ಯ ಮತ್ತು ಸಂಗಡಿಗರು ಲೋಹದ ಥ್ಯಾಲೋಸಯನೀನ್ ಟೆಟ್ರಾಅಮೀನ್‌ಗಳ ತಯಾರಿಕೆಯನ್ನು 1987ರಲ್ಲೇ ಪ್ರಕಟಿಸಿದ್ದರು. ಇಲ್ಲಿ ಮೊದಲು ನೈಟ್ರೋ ಇರುವ ಉಂಗುರ ಮಾಡಿ, ಸೋಡಿಯಂ ಸಲ್ಫೈಡಿನಿಂದ ಅದನ್ನು ಅಮೀನ್ ಮಾಡುತ್ತಾರೆ. ಅಮೀನಿನ ಪೀಕುಗಳು 3200ರಿಂದ 3400ರ ನಡುವೆ, ಅಂದರೆ ನೀರಿನ ಗುಡ್ಡದ ಅಡಿಯಲ್ಲೇ ಅಡಗುತ್ತವೆ. ಹಾಗಾಗಿ ಹುಟ್ಟಿದ್ದನ್ನು ಹುಡುಕುವ ಬದಲು ಹೋದದ್ದನ್ನು ನೋಡಿ, 1520-1530ರ ನೈಟ್ರೋ ಪೀಕು ಕರಗಿದೆಯಾ ಅಂತ. 1330ರದ್ದನ್ನು ನಂಬಬೇಡಿ, ಅಲ್ಲಿ ಉಂಗುರದ್ದೇ ಒಂದು ಪೀಕು ಇದೆ.

ಯುವಿಯಲ್ಲಿ ಭುಜ

ತಾಮ್ರದ್ದಕ್ಕೆ ದೊಡ್ಡ ಪೀಕು 670ರಿಂದ 680 ನ್ಯಾನೋಮೀಟರ್, ಇನ್ನೊಂದು 340-350ರಲ್ಲಿ. ಲೋಹವಿಲ್ಲದ್ದರಲ್ಲಿ ದೊಡ್ಡ ಪೀಕು ಎರಡಾಗಿ ಸೀಳುತ್ತದೆ, ಸುಮಾರು 665 ಮತ್ತು 700. ದೊಡ್ಡ ಪೀಕಿನ ಎಡಕ್ಕೆ 620-640ರಲ್ಲಿ ದಪ್ಪ ಭುಜ ಕಂಡರೆ ಗಾಬರಿಯಾಗಿ "ಅಶುದ್ಧ" ಅಂತ ಬರೆಯಬೇಡಿ. ಈ ಚಪ್ಪಟೆ ಅಣುಗಳು ಹಪ್ಪಳದ ಅಟ್ಟಿಯಂತೆ ಒಂದರ ಮೇಲೊಂದು ಕೂರುತ್ತವೆ. ಹತ್ತು ಪಟ್ಟು ತೆಳು ಮಾಡಿ ಮತ್ತೆ ಓಡಿಸಿ. ಭುಜ ತಗ್ಗಿದರೆ ಅಟ್ಟಿ ಬಿಚ್ಚಿತು, ತಗ್ಗದಿದ್ದರೆ ಬೇರೆ ಏನೋ ಇದೆ. ಇಡೀ ಗೆರೆಯೇ ಮೇಲೆ ತೇಲುತ್ತಿದ್ದರೆ ಕರಗದ ಪುಡಿ ಬೆಳಕನ್ನು ಚದುರಿಸುತ್ತಿದೆ, ಸೋಸಿ. ಗಟ್ಟಿ ಸಲ್ಫ್ಯೂರಿಕ್‌ನಲ್ಲಿ ಅಳೆದವರಿಗೆ ಪೀಕು 790ರ ಹತ್ತಿರ ಹೋಗಿರುತ್ತದೆ. ಆಮ್ಲ ಉಂಗುರಕ್ಕೆ ಪ್ರೋಟಾನ್ ಕೊಟ್ಟದ್ದರ ಫಲ ಅದು.

ಪಾಲಿಮರ್: ಕರಗಲಿಲ್ಲ ಅಂದರೆ ಪಾಲಿಮರ್ ಅಲ್ಲ

ಥ್ಯಾಲಿಕ್ ಬದಲು ಪೈರೋಮೆಲ್ಲಿಟಿಕ್ ಡೈಅನ್‌ಹೈಡ್ರೈಡ್ ಹಾಕಿದರೆ ಪ್ರತಿ ಬೆಂಜೀನಿಗೂ ಎರಡು ಕಡೆ ಕೈ. ಉಂಗುರಕ್ಕೆ ಉಂಗುರ ಹೆಣೆದು ಚಾಪೆಯಾಗುತ್ತದೆ. ಇಲ್ಲಿ ಮಾತ್ರ ಮಳೆಯನ್ನು ಬೈಯಲು ಕಾರಣವಿದೆ. ಈ ಪುಡಿ ತೇವ ಕುಡಿಯುವುದರಲ್ಲಿ ಗಟ್ಟಿಗ. ಪೂರ್ತಿ ಆಮ್ಲವಾದರೆ 10 ಗ್ರಾಂನಲ್ಲಿ 8.6 ಗ್ರಾಂ ಸತ್ವ. ಸರಪಳಿ ಬೆಳೆಯಲು ಲೆಕ್ಕ ಸರಿಯಾಗಿ ಕೂಡಬೇಕು, ಈ ಕೊರತೆ ನೇರವಾಗಿ ಚಾಪೆಯ ಅಗಲವನ್ನು ತಿನ್ನುತ್ತದೆ. ತೆರೆದ ಬಾಟಲಿಯನ್ನು ಮಳೆಗಾಲದಲ್ಲಿ ಮತ್ತೆ ಬಳಸಬೇಕಾದರೆ ಐಆರ್‌ನಲ್ಲಿ ಅನ್‌ಹೈಡ್ರೈಡಿನ ಜೋಡಿ ಪೀಕು ಗಟ್ಟಿಯಾಗಿದೆಯಾ ನೋಡಿ. ತೂಗುವಾಗ ಕಿಟಕಿ ಮುಚ್ಚಿ. ಅದೇ ಫ್ಲಾಸ್ಕಿನಲ್ಲಿ ನಿನ್ನೆಯ ಥ್ಯಾಲಿಕ್ ಉಳಿದಿದ್ದರೂ ಕಷ್ಟ. ಅದಕ್ಕೆ ಒಂದೇ ಕೈ, ಸರಪಳಿಯ ತುದಿಗೆ ಬಂದು ಬಾಗಿಲು ಹಾಕಿಬಿಡುತ್ತದೆ.

ದೋಷ ತಿಳಿಯುವುದು ಸೋಡಾ ತೊಳೆಯುವಾಗ. ಸೋಸಿದ ನೀರು ನೀಲಿಯಾಗಿ ಇಳಿಯುತ್ತಿದ್ದರೆ ಅದು ಚಾಪೆಯಲ್ಲ, ಅಂಚಿನಲ್ಲಿ ಆಮ್ಲದ ಗುಂಪುಗಳಿರುವ ಚಿಕ್ಕ ತುಂಡುಗಳು. ಒಂಟಿ ಉಂಗುರಕ್ಕೆ ಎಂಟು ಆಮ್ಲದ ಗುಂಪುಗಳಿದ್ದರೆ ಅದು ಸೋಡಾದಲ್ಲಿ ಆರಾಮಾಗಿ ಕರಗುತ್ತದೆ. ನೀರು ಬಣ್ಣವಿಲ್ಲದೆ ಬರುವ ತನಕ ತೊಳೆದು, ಉಳಿದದ್ದರಲ್ಲಿ ತಾಮ್ರ ಅಳೆಯಿರಿ. ನನಗೆ ಇದು ಬಹಳ ಇಷ್ಟದ ಲೆಕ್ಕ. ಎಂಟು ಆಮ್ಲದ ಒಂಟಿ ಉಂಗುರದಲ್ಲಿ ತಾಮ್ರ ಶೇ 6.8. ಅಂಚೇ ಇಲ್ಲದ ಅನಂತ ಚಾಪೆಯಲ್ಲಿ ಶೇ 15.1. ನಿಮ್ಮ ಪುಡಿ ಇವೆರಡರ ನಡುವೆ ಎಲ್ಲೋ ಇರುತ್ತದೆ. 7 ಬಂದರೆ ಪಾಲಿಮರ್ ಅಂತ ಬರೆಯಬೇಡಿ. 15 ದಾಟಿದರೆ ಹಿಗ್ಗಬೇಡಿ, ಬಿಡಿ ತಾಮ್ರ ಸಿಕ್ಕಿಕೊಂಡಿದೆ, ಮತ್ತೆ ಆಮ್ಲದಲ್ಲಿ ಕುದಿಸಿ. ನಮಗೆ ಒಮ್ಮೆ 17 ಬಂದು, ಎರಡು ಸಲ ತೊಳೆದ ಮೇಲೆ 10ಕ್ಕೆ ಇಳಿಯಿತು.

ಇಂಗಾಲದ ಅಳತೆ ಲೆಕ್ಕಕ್ಕಿಂತ ಕಮ್ಮಿ ಬರುವುದು ಪಾಲಿಮರಿನಲ್ಲಿ ಮಾಮೂಲು. ಪದರಗಳ ನಡುವೆ ನೀರು ಕೂತಿರುತ್ತದೆ. ಟಿಜಿಎ (ಕಾಯಿಸುತ್ತಾ ತೂಕ ನೋಡುವ ಯಂತ್ರ) ಓಡಿಸಿ 120 ಡಿಗ್ರಿಯೊಳಗೆ ಎಷ್ಟು ತೂಕ ಇಳಿಯಿತು ಅಂತ ನೋಡಿ, ಅದನ್ನು ಕಳೆದು ಲೆಕ್ಕ ಹಾಕಿ.

ವಿದ್ಯುತ್ ಹರಿವು ಅಳೆಯುವವರಿಗೆ ಈ ನೀರೇ ದೊಡ್ಡ ಸುಳ್ಳುಗಾರ. ಆಗಸ್ಟಿನಲ್ಲಿ ನಮ್ಮ ಪಾಲಿಮರ್ ಪೆಲೆಟ್ ಮೇ ತಿಂಗಳಿಗಿಂತ ಎಷ್ಟೋ ಪಟ್ಟು ಚೆನ್ನಾಗಿ ವಿದ್ಯುತ್ ಹರಿಸಿತು. ಪೇಪರ್ ಬರೆಯುವ ಮಾತೂ ಆಯಿತು. ಆಮೇಲೆ ಒಂದೇ ವೋಲ್ಟೇಜ್ ಹಿಡಿದು ಸುಮ್ನೆ ಹತ್ತು ನಿಮಿಷ ಮೀಟರ್ ನೋಡುತ್ತಾ ಕೂತೆವು. ಕರೆಂಟು ಇಳಿಯುತ್ತಾ ಇಳಿಯುತ್ತಾ ಅರ್ಧವಾಯಿತು. ಎಲೆಕ್ಟ್ರಾನ್ ಹರಿಯುತ್ತಿದ್ದರೆ ಅದು ನಿಂತ ಕಡೆ ನಿಲ್ಲಬೇಕು. ಹೀಗೆ ಕರಗಿ ಹೋಗುವುದು ತೇವದಲ್ಲಿ ಓಡಾಡುವ ಉಪ್ಪಿನ ಅಯಾನುಗಳ ಲಕ್ಷಣ, ತೊಳೆಯುವಾಗ ಉಳಿದ ಅಮೋನಿಯಂ ಕ್ಲೋರೈಡಿನದ್ದು. ಪುಡಿಯನ್ನು ಮತ್ತೆ ಬಿಸಿನೀರಿನಲ್ಲಿ ತೊಳೆದು, ಸೋಸಿದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳುಪು ಬರದ ತನಕ ಬಿಡಲಿಲ್ಲ. 110 ಡಿಗ್ರಿಯಲ್ಲಿ ವ್ಯಾಕ್ಯೂಮ್ ಓವನಿನಲ್ಲಿ ರಾತ್ರಿಯಿಡೀ ಇಟ್ಟು, ಡೆಸಿಕೇಟರಿನಿಂದ ನೇರ ಹೋಲ್ಡರಿಗೆ ಹಾಕಿ ಅಳೆದೆವು. ಹತ್ತು ನಿಮಿಷವಾದರೂ ಮುಳ್ಳು ಅಲ್ಲಾಡಲಿಲ್ಲ, ಅಂಕಿ ಮಾತ್ರ ಮೇ ತಿಂಗಳಿನದ್ದೇ.